ಕೇಳುವಂತಾದ ಬರಹ

ಯಶಸ್ವಿಯ ದೊಡ್ಡಮ್ಮ ಪೂವಮ್ಮನಿಗೆ ಓದಲು ಬಾರದು. ಯಾರಾದರೂ ಕಾಗದ ಕೊಟ್ಟರೆ, "ಕನ್ನಡಕ ಮನೆಯಲ್ಲೇ ಉಂಟು" ಎಂದು ಜಾರಿಕೊಳ್ಳುವರು. ಯಶಸ್ವಿ ಅವರ ಹೆಸರು ಬದಲಿಸಿ ಅದನ್ನೇ ವಾರಪತ್ರಿಕೆಗೆ ಬರೆದಿದ್ದಳು. ದೊಡ್ಡಮ್ಮ ಹೇಗೂ ಓದುವುದಿಲ್ಲವಲ್ಲ ಎಂಬ ಧೈರ್ಯ. ಪತ್ರಿಕೆಯವರು ಅದನ್ನು ಯಾರಿಂದಲೋ ಓದಿಸಿ, ಆಡಿಯೋ ಮಾಡಿ ವಾಟ್ಸಾಪಿನಲ್ಲಿ ಬಿಡುತ್ತಾರೆಂದು ಅವಳಿಗೇನು ಗೊತ್ತು?

ಗುತ್ತಿಗಾರಿನಲ್ಲಿ ಹಾಲಿನ ಸೊಸೈಟಿಯ ಸಾಲಲ್ಲಿದ್ದ ಜಯಪ್ರಕಾಶ್ ಮೊಬೈಲನ್ನು ಜೋರಾಗಿಟ್ಟ. "ನಮ್ಮ ಯಶಸ್ವಿ ಬರ್ದದ್ದು ಮಾರಾಯ್ರೆ, ಕೇಳಿ!"

ಕನ್ನಡಕದ ಮಾತು ಬಂದದ್ದೇ ಸಾಲಿಗೆ ಸಾಲೇ ನಕ್ಕಿತು. "ಪೂವಮ್ಮಕ್ಕ, ಇದು ನಿಮ್ಮ ಹಾಗೇ ಉಂಟಲ್ಲ!"

ಕ್ಯಾನು ಹಿಡಿದಿದ್ದ ದೊಡ್ಡಮ್ಮನೂ ನಕ್ಕರು. ಪಕ್ಕದಲ್ಲೇ ಇದ್ದ ಯಶಸ್ವಿ ನಿಲ್ಲಿಸಲೆಂದು ಮೊಬೈಲಿನತ್ತ ಕೈ ಚಾಚಿದಳು.

"ಇರ್ಲಿ, ಪೂರ್ತಿ ಕೇಳುವ," ಎಂದರು ದೊಡ್ಡಮ್ಮ, ಅವಳತ್ತ ನೋಡದೆ. "ಎಂತೆಲ್ಲ ಬರ್ದಿದ್ದಾಳೆ ಅಂತ ನಂಗೂ ಗೊತ್ತಾಗ್ಲಿ."

ಇನ್ನೂ ಆರು ನಿಮಿಷ ಬಾಕಿಯಿತ್ತು.