ಇನ್ನೂರ ಮೂವತ್ತು ವೋಲ್ಟ್

"ಇನ್ನೆರಡು ಮಗ್ಗ ಎಲ್ಲಿಟ್ಟಿದ್ದೀಯಮ್ಮಾ? ಮರ್ಯಾದೆಯಾಗಿ ತೋರಿಸ್ಬಿಡು."

ಕರೆಂಟ್ ಆಫೀಸಿನ ಇಂಜಿನಿಯರ್ ವೆಂಕಟರಾಯಪ್ಪ ಇದನ್ನು ನಾಲ್ಕು ಪವರ್‌ಲೂಮ್‌ಗಳ ಸದ್ದನ್ನೂ ಮೀರಿಸಿ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದ. ಭಾಗ್ಯಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ದೊಡ್ಡಬಳ್ಳಾಪುರದ ಈ ಓಣಿಗೆ ಸೊಸೆಯಾಗಿ ಬಂದು ಹದಿನಾರು ವರ್ಷ. ಇದುವರೆಗೆ ಯಾರೂ ಅವಳನ್ನು ಕಳ್ಳಿ ಎಂದಿರಲಿಲ್ಲ. ಗಂಡ ಸೀರೆಗಂಟು ಹೊತ್ತು ಬೆಂಗಳೂರಿನ ಚಿಕ್ಕಪೇಟೆಗೆ ಹೋಗಿದ್ದ ಹೊತ್ತು ನೋಡಿಯೇ ಬಂದಿದ್ದಾನೆ, ಮಹಾನುಭಾವ!

ಲೈನ್‌ಮನ್ ಮುನಿಶಾಮಪ್ಪ ಆಗಲೇ ಅಟ್ಟ, ಅಡುಗೆಮನೆ, ಹಿತ್ತಿಲು ಎಲ್ಲ ನೋಡಿ ಬಂದಿದ್ದ. ಸಾಹೇಬರ ಅಪ್ಪಣೆಯಂತೆ ಬಚ್ಚಲಿಗೂ ಇಣುಕಿದ್ದ.

"ಇಲ್ಲ ಸಾರ್. ನಾಲ್ಕೇ ಇರೋದು."

"ಲೆಕ್ಕ ಸುಳ್ಳು ಹೇಳತ್ತೇನಯ್ಯ?"

ಲೆಕ್ಕ ವೆಂಕಟರಾಯಪ್ಪನ ಡೈರಿಯಲ್ಲಿತ್ತು. ಟಾಂಗ್ ಟೆಸ್ಟರನ್ನು ಇಕ್ಕಳದ ಹಾಗೆ ತಂತಿಗೆ ಕಚ್ಚಿಸಿ ಆಂಪ್ ನೋಡಿದ್ದ: ಇಪ್ಪತ್ತೆಂಟು. ಅದನ್ನು ಇನ್ನೂರ ಮೂವತ್ತು ವೋಲ್ಟಿನಿಂದ ಗುಣಿಸಿದ್ದ. ಆರು ಸಾವಿರದ ನಾನೂರ ನಲವತ್ತು ವ್ಯಾಟ್. ಒಂದು ಮಗ್ಗದ ಮೋಟರಿಗೆ ಸಾವಿರದ ನೂರೈವತ್ತು ವ್ಯಾಟ್ ಹಿಡಿದರೆ ಹೆಚ್ಚುಕಮ್ಮಿ ಆರು ಮಗ್ಗ ಆಯಿತು. ಪರ್ಮಿಷನ್ ಇದ್ದದ್ದು ನಾಲ್ಕಕ್ಕೆ.

"ಇನ್ನೂರ ಮೂವತ್ತು ಎಲ್ಲಿಂದ ಬಂತು ಸಾರ್? ಅಳತೆ ಮಾಡಿದ್ರಾ?" ಭಾಗ್ಯಮ್ಮ ಕೇಳಿದಳು.

"ಅದನ್ನೇನು ಅಳೆಯೋದು? ನಾವು ಕೊಡೋದೇ ಅಷ್ಟು."

"ಕೊಡ್ತೀರಾ! ಅಲ್ ನೋಡಿ." ಗೋಡೆಗೆ ಹಾಕಿದ್ದ ವೋಲ್ಟ್‌ಮೀಟರಿನ ಮುಳ್ಳು ನೂರರವತ್ತರಲ್ಲಿ ನಡುಗುತ್ತಿತ್ತು. "ಸಂಜೆ ಆರಾಯ್ತು ಅಂದ್ರೆ ಇದೇ ಪಾಡು. ಇಡೀ ಬೀದಿ ಮಗ್ಗ ಓಡ್ತವೆ."

"ಆ ಆಟದ ಸಾಮಾನೆಲ್ಲ ನಂಗೆ ತೋರಿಸ್ಬೇಡ. ವೋಲ್ಟು ಇಳಿದ್ರೆ ಆಂಪೂ ಇಳೀಬೇಕು. ಹೈಸ್ಕೂಲ್ ಹುಡುಗ್ರಿಗೂ ಗೊತ್ತಿರೋ ವಿಷಯ."

"ಅದು ಇಸ್ತ್ರಿಪೆಟ್ಟಿಗೆಗೆ ಸಾರ್! ಕೊಟ್ಟಷ್ಟು ತಗೊಂಡು ಸುಮ್ನಿರ್ತದೆ. ಮೋಟರ್‌ಗೆ ಹಂಗಾಗಲ್ಲ. ವೋಲ್ಟ್ ಕಮ್ಮಿ ಆದ್ರೂ ಮಗ್ಗ ಎಳೀಲೇಬೇಕು, ಅದುಕ್ಕೆ ಆಂಪ್ ಜಾಸ್ತಿ ಎಳ್ಕೊಂತದೆ. ಎಳ್ದು ಎಳ್ದು ಸುಟ್ಟೋಗ್ತದೆ. ಹೋದ್ ವರ್ಷ ಎರಡು ಸುಟ್ಟೋದ್ವು."

ಆ ಎರಡು ಮೋಟರ್ ಸುಟ್ಟಾಗಲೇ ಅವಳು ರಿವೈಂಡಿಂಗ್ ಅಂಗಡಿಯ ಬೈರಣ್ಣನ ತಲೆ ತಿಂದು ಈ ಲೆಕ್ಕ ಕಲಿತದ್ದು. ವೆಂಕಟರಾಯಪ್ಪ ನಕ್ಕ. ಆ ನಗು ಅವಳಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ದಡದಡನೆ ಒಳಗೆ ಹೋಗಿ ಇಸ್ತ್ರಿಪೆಟ್ಟಿಗೆ ತಂದು ಪ್ಲಗ್ಗಿಗೆ ಸಿಕ್ಕಿಸಿದಳು. ಹೆಣೆದ ಜೋಡಿ ವೈರಿನಲ್ಲಿ ಒಂದನ್ನು ಬಿಡಿಸಿ ಹಿಡಿದಳು.

"ನನ್ ಮೀಟರ್ ನಂಬ್ಬೇಡಿ. ನಿಮ್ದೇ ಹಾಕಿ. ಹಾಕಣ್ಣಾ ಮುನಿಶಾಮಪ್ಪಣ್ಣ."

ಮುನಿಶಾಮಪ್ಪ ಸಾಹೇಬರ ಮುಖ ನೋಡಿ, ಟಾಂಗ್ ಟೆಸ್ಟರನ್ನು ಕಚ್ಚಿಸಿದ. ಎರಡು ಪಾಯಿಂಟ್ ಮೂರು ಆಂಪ್.

ಭಾಗ್ಯಮ್ಮ ಸೀಮೆಸುಣ್ಣ ತೆಗೆದುಕೊಂಡು ಬಾಗಿಲ ಮೇಲೆಯೇ ಬರೆಯತೊಡಗಿದಳು. ಸಿಟ್ಟಿಗೆ ಸುಣ್ಣ ಎರಡು ಸಲ ಮುರಿಯಿತು.

"ಪೆಟ್ಟಿಗೆ ಮೇಲೆ ಏನ್ ಬರ್ದವ್ರೆ? ಇನ್ನೂರ ಮೂವತ್ತು ವೋಲ್ಟಿಗೆ ಏಳ್ನೂರೈವತ್ತು ವ್ಯಾಟು. ಭಾಗಿಸಿದ್ರೆ ಮೂರೂಕಾಲು ಆಂಪು. ಇನ್ನೂರ ಮೂವತ್ತನ್ನ ಆ ಮೂರೂಕಾಲ್ರಿಂದ ಭಾಗಿಸಿ, ಎಪ್ಪತ್ತು ಓಮು. ಅದು ಪೆಟ್ಟಿಗೆ ರೆಸಿಸ್ಟೆನ್ಸು. ಈಗ ಹರೀತಿರೋದು ಎರಡು ಪಾಯಿಂಟ್ ಮೂರು, ನೀವೇ ನೋಡಿದ್ರಿ. ಎಪ್ಪತ್ತರಿಂದ ಗುಣಿಸಿ ಸಾರ್. ಎಷ್ಟಾಯ್ತು ವೋಲ್ಟು?"

ಅವಳೇ ಗುಣಿಸಿ ಬರೆದಳು.

"ನೂರರವತ್ತೊಂದು! ಅದನ್ನ ಇಪ್ಪತ್ತೆಂಟು ಆಂಪಿಗೆ ಗುಣಿಸಿದ್ರೆ ನಾಲ್ಕು ಸಾವಿರದ ಐನೂರ ಎಂಟು ವ್ಯಾಟು. ನಾಲ್ಕೇ ಮಗ್ಗ. ಯಾರ್ ಸಾರ್ ಕಳ್ರು?"

ವೆಂಕಟರಾಯಪ್ಪ ಬಾಗಿಲನ್ನು ಮೇಲಿಂದ ಕೆಳಕ್ಕೆ ಓದಿದ. ತುಟಿ ಅಲ್ಲಾಡುತ್ತಿತ್ತು. ಒಂದು ತಪ್ಪಿಗಾಗಿ ತಡಕಾಡಿದ, ಸಿಗಲಿಲ್ಲ. ನೂರರವತ್ತೊಂದು ಎಂದು ಬರೆದರೆ, ಮೂವತ್ತು ಮಗ್ಗಕ್ಕೆಂದು ಕೂರಿಸಿದ ಟ್ರಾನ್ಸ್‌ಫಾರ್ಮರಿಗೆ ಅರವತ್ತು ಮಗ್ಗ ನೇತುಹಾಕಿದ್ದು ಯಾರು ಎಂದು ಮೇಲಿನವರು ಅವನನ್ನೇ ಕೇಳುತ್ತಾರೆ. ಅವನು ಡೈರಿ ಬಿಚ್ಚಿ ಇನ್ನೂರ ಮೂವತ್ತು ಎಂದೇ ಬರೆದ. ಹೆಣ್ಣೊಬ್ಬಳು ಸೀಮೆಸುಣ್ಣ ಹಿಡಿದು ಕಲಿಸಿದ್ದಕ್ಕೋ ಏನೋ, ಅದರ ಕೆಳಗೆ ಎರಡು ಗೆರೆ ಬೇರೆ ಎಳೆದ.

"ನೂರರವತ್ತೊಂದು ಅಂತ ಬರೀರಿ ಸಾರ್."

"ನೀನು ಹೇಳಿದ್ದು ಬರ್ಕೊಳ್ಳಕ್ಕೆ ನಾನೇನು ನಿನ್ನ ಗುಮಾಸ್ತನಾ? ಮುನಿಶಾಮಪ್ಪ, ಫ್ಯೂಸ್ ಕೀಳು. ಎರಡು ಮಗ್ಗ ತಂದು ಒಪ್ಪಿಸೋವರೆಗೂ ಕನೆಕ್ಷನ್ ಇಲ್ಲ."

"ಇಲ್ದಿರೋ ಮಗ್ಗ ಎಲ್ಲಿಂದ ತರ್ಲಿ? ನಾನು ಹೆರ್ಲಾ? ಗೊತ್ತಿದ್ದೂ ಗೊತ್ತಿದ್ದೂ ಸುಳ್ಳು ಬರೀತೀರಲ್ಲ, ನಿಮ್ ಕೈ ಸೇದೋಗ!"

ಮುನಿಶಾಮಪ್ಪ ಸ್ಟೂಲ್ ಹತ್ತಿದ. ಒಂದು ಗಳಿಗೆ ತಡೆದ. "ಕೀಳಯ್ಯ," ಎಂದು ಸಾಹೇಬ ಗದರಿದ ಮೇಲೆ ಕಿತ್ತ.

ನಾಲ್ಕು ಮಗ್ಗಗಳೂ ಒಟ್ಟಿಗೆ ನಿಂತವು. ನೇಯ್ಗೆಯ ನಡುವೆ ಲಾಳಿಗಳು ಸಿಕ್ಕಿಕೊಂಡವು. ಶೆಡ್ಡು ಕತ್ತಲಾಯಿತು.

ಆಗಲೇ, ಅದೇ ಲೈನಿನ ತುದಿಯಲ್ಲಿದ್ದ ಎದುರು ಮನೆಯಲ್ಲಿ, ಕೆಂಡದ ಹಾಗೆ ಕೆಂಪಗಿದ್ದ ಲಕ್ಕಮ್ಮನ ಬಲ್ಬು ಹಳದಿಯಾಯಿತು, ಬೆಳ್ಳಗಾಯಿತು. ಅವಳ ಮಗ್ಗಗಳು ಒಮ್ಮೆಲೇ ಚುರುಕಾಗಿ ಬಡಿಯತೊಡಗಿದವು. ವೆಂಕಟರಾಯಪ್ಪ ಅತ್ತ ತಿರುಗಿದ. ಲಕ್ಕಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಜಗಲಿಗೆ ಓಡಿಬಂದಳು.

"ಭಾಗ್ಯಕ್ಕಾ! ಕರೆಂಟು ಜೋರಾಗ್ ಬಂತು ಕಣಕ್ಕಾ! ನಿಮ್ಮನೇಲೂ ಬಂತಾ?"

ಮುನಿಶಾಮಪ್ಪ ಫ್ಯೂಸನ್ನು ಕೈಯಲ್ಲಿ ಹಿಡಿದು ಸ್ಟೂಲಿನ ಮೇಲೆಯೇ ನಿಂತಿದ್ದ. ಸಾಹೇಬ ಎರಡು ಸಲ ಕರೆದರೂ ಕೆಳಗಿಳಿಯಲಿಲ್ಲ.