ನಲವತ್ತೊಂದು ಮತಗಳ ಅಕ್ಕ

ಒಬ್ಬರ ಹೆಸರನ್ನು ಕಾಗದದಲ್ಲಿ ಓದಿ ಸುಮ್ಮನಾಗುವುದು ಅಕ್ಕನಿಂದ ಆಗದ ಕೆಲಸ. ಪ್ರತಿಷ್ಠಾನಕ್ಕೆ ಯಾರೇ ಹೊಸದಾಗಿ ಸದಸ್ಯರಾಗಲಿ, ಎಷ್ಟೇ ದೂರದವರಾಗಲಿ, ವಾರದೊಳಗೆ ಅಕ್ಕನ ಫೋನು ಹೋಗುತ್ತಿತ್ತು: "ನಿಮ್ಮ ಹೆಸರು ಒಂದ್ಸಲ ನೀವೇ ಹೇಳಿ ನೋಡೋಣ. ಊಂ, ಇನ್ನೊಂದ್ಸಲ." ಹೇಳಿಸಿಕೊಂಡು, ತಾವೂ ಹೇಳಿ ಒಪ್ಪಿಗೆ ಪಡೆದು, ಉಚ್ಚಾರವನ್ನು ಚೀಟಿಯಲ್ಲಿ ಬರೆದು ಕಂದು ಉಣ್ಣೆಯ ಕೋಟಿನ ಜೇಬಿಗೆ ಇಳಿಬಿಡುತ್ತಿದ್ದರು. ಬೇಸಗೆಯಲ್ಲೂ ಮೈಮೇಲಿಂದ ಇಳಿಯದ ಆ ಕೋಟಿನ ಜೇಬುಗಳು ಚೀಟಿಗಳ ಭಾರಕ್ಕೆ ಜೋತುಬಿದ್ದು, ಅಕ್ಕ ನಡೆಯುವಾಗ ಎರಡೂ ಬದಿಯಿಂದ ಮಕ್ಕಳು ಹಿಡಿದು ಜಗ್ಗುತ್ತಿರುವಂತೆ ಕಾಣುತ್ತಿತ್ತು.

ಪ್ರತಿಷ್ಠಾನವೆಂದರೆ ಕನ್ನಡಕದ ಅಂಗಡಿಯ ಮೇಲಿನ ಎರಡು ಕೋಣೆ. ಒಂದು ಕಂಪ್ಯೂಟರ್ ಭಾಷೆಯನ್ನು ಸಾಕಿ ಸಲಹುವುದು ಅದರ ಕಾಯಕ. ಆ ಭಾಷೆ ಯಾರ ಸ್ವತ್ತೂ ಅಲ್ಲ. ಆಸ್ಪತ್ರೆಯವರು, ಹವಾಮಾನ ನೋಡುವವರು, ಶಾಲೆಯ ಮಕ್ಕಳು, ಎಲ್ಲರೂ ಪುಕ್ಕಟೆ ಬಳಸಬಹುದು. ಪುಕ್ಕಟೆ ಸಿಗುವುದರ ಬೆನ್ನಿಗೂ ಯಾರಾದರೂ ನಿಲ್ಲಬೇಕಲ್ಲ. ಅದರ ಹೆಸರನ್ನು ಕಂಡವರು ಕಬಳಿಸದಂತೆ ಕಾಯಬೇಕು, ಅದನ್ನು ಜಗತ್ತಿಗೆಲ್ಲ ಹಂಚುವ ಯಂತ್ರಗಳು ನಿಲ್ಲದಂತೆ ನೋಡಿಕೊಳ್ಳಬೇಕು, ಕಲಿಯುವವರ ಕೂಟಗಳಿಗೆ ನೆರವಾಗಬೇಕು, ಜಗಳವಾಡಿ ಮುಖ ತಿರುಗಿಸಿದವರನ್ನು ಎದುರುಬದುರು ಕೂರಿಸಬೇಕು. ಫಲಕದಲ್ಲಿ 'ಭಾಷೆ' ಎಂಬ ಪದ ಕಂಡು ಅರ್ಜಿ ಬರೆಸಲು, ಮದುವೆಯ ಕರೆಯೋಲೆ ತಿದ್ದಿಸಲು ಮೆಟ್ಟಿಲೇರಿ ಬಂದವರೂ ಉಂಟು. ಅಕ್ಕ ಅವರನ್ನು ಹಾಗೇ ಕಳಿಸಿದವರಲ್ಲ, ತಿದ್ದಿಯೇ ಕೊಡುತ್ತಿದ್ದರು.

ಅಕ್ಕ ಅಲ್ಲಿನ ಕಾರ್ಯದರ್ಶಿ. ಎರಡು ವರ್ಷಕ್ಕೊಮ್ಮೆ ಸದಸ್ಯರು ಅಧ್ಯಕ್ಷರನ್ನು ಆರಿಸುವಾಗ ಚುನಾವಣೆ ನಡೆಸುವವರೂ ಅವರೇ, ಮತ ಎಣಿಸುವ ಪ್ರೋಗ್ರಾಮನ್ನು ಅದೇ ಭಾಷೆಯಲ್ಲಿ ಬರೆದವರೂ ಅವರೇ. ಕಳೆದ ಸಲ ಗೆದ್ದವರು ರೈಲು ವೇಳಾಪಟ್ಟಿಯ ಪ್ರೋಗ್ರಾಮು ಬರೆಯುವ, ಐವತ್ತರ ಅಂಚಿನ ಒಬ್ಬ ಸಜ್ಜನರು. ಸೋತವರು ಆ ಭಾಷೆಗೆ ಕೈಪಿಡಿಗಳನ್ನು ಬರೆದುಕೊಡುತ್ತಿದ್ದ ಶಾಲಾ ಶಿಕ್ಷಕಿ. ಎಲ್ಲರ ಬಾಯಲ್ಲೂ 'ಕೈಪಿಡಿ ಟೀಚರ್'. ಅಂತರ ಹತ್ತೊಂಬತ್ತು ಮತ.

ಅಧ್ಯಕ್ಷರಿಗೆ ಅಕ್ಕನೆಂದರೆ ಪ್ರೀತಿ, ಜೊತೆಗೊಂದಿಷ್ಟು ಅಂಜಿಕೆ. ಅವರು ಬರೆದ ಮೊದಲ ಪತ್ರವನ್ನೇ ಅಕ್ಕ ಹಿಂದಿರುಗಿಸಿದ್ದರು: "ಇದರಲ್ಲಿ 'ನಾನು' ಅನ್ನೋದು ಏಳು ಸಲ ಬಂದಿದೆ. ಎರಡು ಸಾಕು." ಅಂದು ಮನೆಗೆ ಹೋದವರೇ ಹೆಂಡತಿಗೆ, "ನನ್ನ ತಿದ್ದೋಕೆ ನಿನ್ನ ಬಿಟ್ಟು ಇನ್ನೊಬ್ಬರು ಸಿಕ್ಕಿದ್ರು ನೋಡು" ಎಂದು ನಕ್ಕಿದ್ದರು.

ಚುನಾವಣೆಯಾಗಿ ಹದಿನಾರು ತಿಂಗಳಿಗೆ ಸರ್ವಸದಸ್ಯರ ಸಭೆ. ವೇದಿಕೆಯ ಮೇಲೆ ಅಧ್ಯಕ್ಷರು, ಕೆಳಗೆ ಇನ್ನೂರು ಜನ. ಅಕ್ಕ ವರ್ಷದ ವರದಿಯನ್ನು ಎಂದಿನ ಏರಿಳಿತವಿಲ್ಲದ ದನಿಯಲ್ಲಿ ಓದಿ ಮುಗಿಸಿ, ಕನ್ನಡಕ ತೆಗೆದರು.

"ಇನ್ನೊಂದು ವಿಷಯ ಪಟ್ಟಿಯಲ್ಲಿಲ್ಲ, ಹೇಳ್ತೀನಿ. ಕಳೆದ ಚುನಾವಣೇಲಿ ನಮ್ಮ ಅಧ್ಯಕ್ಷರು ಗೆದ್ದಿಲ್ಲ."

ತಮಗೆ ಸರಿಯಾಗಿ ಕೇಳಿಸಲಿಲ್ಲವೆಂದೇ ಅಧ್ಯಕ್ಷರು ಮೊದಲು ತಿಳಿದರು. ವರದಿಯ ಕೊನೆಗೆಂದು ತಂದುಕೊಂಡಿದ್ದ ಮುಗುಳ್ನಗೆ ಎಲ್ಲಿಗೆ ಹೋಗುವುದೆಂದು ತಿಳಿಯದೆ ಮುಖದ ಮೇಲೇ ಉಳಿದುಬಿಟ್ಟಿತು. ಅಕ್ಕ ಹೇಳುತ್ತಲೇ ಇದ್ದರು. ಹೋದ ವಾರ ಒಂದೇ ಪದದ ಹೆಸರಿನ ಸದಸ್ಯರೊಬ್ಬರು ಫೋನಿನಲ್ಲಿ, "ನಾನೂ ಮತ ಹಾಕಿದ್ದೆ, ನಿಮಗೆ ಬಂತೋ ಇಲ್ವೋ ಗೊತ್ತಾಗ್ಲೇ ಇಲ್ಲ" ಎಂದರಂತೆ. ಅಕ್ಕ ಹುಡುಕಿದರು. ಎರಡನೆಯ ಹೆಸರಿನ ಜಾಗ ಖಾಲಿಯಿದ್ದ ಮತಪತ್ರಗಳನ್ನೆಲ್ಲ ಪ್ರೋಗ್ರಾಮು ಅಪೂರ್ಣವೆಂದು ಬದಿಗಿಟ್ಟಿತ್ತು. ಅಂಥವು ನಲವತ್ತೊಂದು.

"ಅವರಿಗೆ ಎರಡನೇ ಹೆಸರು ಇಲ್ಲವೇ ಇಲ್ಲ. ಪ್ರೋಗ್ರಾಮಿಗೆ ಅದು ಗೊತ್ತಿರಲಿಲ್ಲ. ಬರೆದ ನನಗೆ ಗೊತ್ತಿರಬೇಕಿತ್ತು. ಪ್ರತಿಷ್ಠಾನಕ್ಕೆ ಸಂಬಂಧವಿಲ್ಲದ ಇಬ್ಬರ ಹತ್ರ ಕೈಯಲ್ಲೇ ಎಣಿಕೆ ಮಾಡಿಸಿದೆ. ಆ ಮತಗಳಲ್ಲಿ ಎಂಟು ಅಧ್ಯಕ್ಷರಿಗೆ, ಮೂವತ್ತಮೂರು ಟೀಚರಿಗೆ. ಟೀಚರ್ ಆರು ಮತದಿಂದ ಗೆದ್ದಿದ್ದಾರೆ."

ಮೂರನೆಯ ಸಾಲಿನಿಂದ ಕೈಪಿಡಿ ಟೀಚರ್ "ಅಯ್ಯಯ್ಯೋ, ನನಗೆ ಬೇಡ್ರೀ!" ಎಂದು ಗಟ್ಟಿಯಾಗಿಯೇ ಕೂಗಿದರು, ಯಾರೂ ನಗಲಿಲ್ಲ.

ಅಧ್ಯಕ್ಷರು ಅಕ್ಕನ ಕಡೆ ತಿರುಗಿದರು. "ಅಕ್ಕ, ನಿನ್ನೆ ಸಂಜೆ ಒಂದು ಗಂಟೆ ಜೊತೇಲಿ ಕೂತಿದ್ವಲ್ಲ. ಆಗ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ, ಇದನ್ನ ಹೊರಗೆ ಹೇಳೋದಾ ಬೇಡ್ವಾ ಅಂತ ಇಬ್ಬರೂ ಯೋಚಿಸ್ತಾ ಕೂರ್ತಿದ್ವಿ. ಆ ಯೋಚನೆ ಮಾಡೋ ಹಕ್ಕು ನಮಗಿಲ್ಲ." ಆಮೇಲೆ ಮೈಕಿನಿಂದ ಮುಖ ಸರಿಸಿ, ಅವರಿಗಷ್ಟೇ ಕೇಳುವಂತೆ: "ನೀವು ಒಳ್ಳೆಯವರು. ಅದಕ್ಕೇ ನನಗೆ ಹೆದರಿಕೆ ಆಯ್ತು."

ಮೈಯೆಲ್ಲ ಉರಿಯಿತು ಅಧ್ಯಕ್ಷರಿಗೆ. ಹದಿನಾರು ತಿಂಗಳು ತಾನು ಹಾಕಿದ ಒಂದೊಂದು ಸಹಿಯೂ ಇನ್ನೊಬ್ಬರದು. ಇನ್ನೂರು ಜನರೆದುರು ಹೀಗೆ ಬೆತ್ತಲಾಗಿಸುವುದೆ? ಆ ಕ್ರೋಧದ ನಡುವೆಯೇ, ಅಕ್ಕ ನಿನ್ನೆ ಹೇಳಿದ್ದರೆ ತಾನು ಏನೆನ್ನುತ್ತಿದ್ದೆ ಎಂಬುದು ಅವರಿಗೆ ತನ್ನದೇ ದನಿಯಲ್ಲಿ, ಅತ್ಯಂತ ಮೃದುವಾಗಿ, ಸ್ಪಷ್ಟವಾಗಿ ಕೇಳಿಸಿತು: 'ಇನ್ನೆಂಟು ತಿಂಗಳು ತಾನೇ, ಸಂಸ್ಥೆಯ ಹೆಸರಿನ ಪ್ರಶ್ನೆ, ಬಿಡಿ ಅಕ್ಕ.' ಮೊದಲನೆಯದಕ್ಕಿಂತ ಈ ಆಘಾತವೇ ದೊಡ್ಡದು. ಎದ್ದು, ಮೆಟ್ಟಿಲಿಳಿದು, ಮೂರನೆಯ ಸಾಲಿಗೆ ಹೋಗಿ ನಿಂತರು. "ಬನ್ನಿ ಟೀಚರ್. ಮೇಲಿನ ಕುರ್ಚಿ ಒಂದು ಕಡೆ ವಾಲುತ್ತೆ, ನೋಡ್ಕೊಂಡು ಕೂತ್ಕೊಳ್ಳಿ."

ಹದಿನಾರು ತಿಂಗಳಲ್ಲಿ ಅವರು ಅಧ್ಯಕ್ಷರಾಗಿ ಕೈಗೊಂಡಿದ್ದ ನಿರ್ಧಾರಗಳನ್ನೆಲ್ಲ ಸಭೆ ಕೈಯೆತ್ತಿ ಊರ್ಜಿತಗೊಳಿಸಿತು. ಅಕ್ಕ ಅಲ್ಲೇ ಬರೆದುಕೊಟ್ಟ ರಾಜೀನಾಮೆಯನ್ನು ಮಾತ್ರ ಒಪ್ಪಲಿಲ್ಲ. ಅಕ್ಕ ಅದನ್ನು ಹಿಂದಕ್ಕೂ ಪಡೆಯಲಿಲ್ಲ. "ಎಣಿಸೋರೂ ಪ್ರೋಗ್ರಾಮು ಬರೆಯೋರೂ ಒಬ್ಬರೇ ಆಗಿದ್ದು ತಪ್ಪು" ಎಂದು ಬೀಗದ ಕೈ ಮೇಜಿನ ಮೇಲಿಟ್ಟರು. ಆಮೇಲೆ ಹನ್ನೊಂದು ದಿನ ಮನೆಯಿಂದಲೇ ನಲವತ್ತೊಂದು ಜನರಿಗೂ ಫೋನು ಮಾಡಿ ಕ್ಷಮೆ ಕೇಳಿದರು. ಕೆಲವರು ಬೈದರು. ಒಬ್ಬರಿಗೆ ಮತ ಹಾಕಿದ ನೆನಪೇ ಇರಲಿಲ್ಲ.

ಮಾಜಿ ಅಧ್ಯಕ್ಷರು ಮೂರು ತಿಂಗಳು ಅಕ್ಕನೊಡನೆ ಮಾತು ಬಿಟ್ಟರು. ಹೆಂಡತಿ ಒಮ್ಮೆ ಕೇಳಿಯೇಬಿಟ್ಟರು: "ಕುರ್ಚಿ ಹೋಯ್ತು ಅಂತ ಸಿಟ್ಟೋ, ಅವರು ನಿಮ್ಮನ್ನ ನಂಬಲಿಲ್ಲ ಅಂತಲೋ?" ಮುಂದಿನ ಭಾನುವಾರ ಮಾಜಿ ಅಧ್ಯಕ್ಷರು ಅಕ್ಕನ ಮನೆಯ ಬಾಗಿಲು ತಟ್ಟಿದರು. "ಬನ್ನಿ, ಕಾಫಿಗೆ ಸರಿಯಾದ ಹೊತ್ತಿಗೆ ಬಂದ್ರಿ" ಎಂದರು ಅಕ್ಕ, ನಿನ್ನೆ ತಾನೇ ಕಂಡವರಂತೆ.

ಇಂಥವರು ಒಂದು ಸಂಸ್ಥೆಗೆ ಒಬ್ಬರು ಸಿಕ್ಕರೆ ಹೆಚ್ಚು. ಬೀಳ್ಕೊಡುಗೆಯ ಭಾಷಣಗಳಲ್ಲಿ ಅವರ ಪ್ರಾಮಾಣಿಕತೆಯನ್ನು ಕೊಂಡಾಡುವ ನಮಗೆ, ಎದುರು ನಿಂತು ಮಾತಾಡಿದ ಗಳಿಗೆಯಲ್ಲಿ ಅವರು ನಿಷ್ಕರುಣಿಗಳಾಗಿಯೇ ಕಾಣುತ್ತಾರೆ. ನಾವು ಸೋಲಬಹುದಾಗಿದ್ದ ಪರೀಕ್ಷೆಗೆ ನಮ್ಮನ್ನು ಕೂರಿಸದೆಯೇ ಅವರು ದಾಟಿಸಿಬಿಟ್ಟಿರುತ್ತಾರೆ. ಅದು ಕರುಣೆಯಾಗಿತ್ತೆಂದು ತಿಳಿಯಲು ನಮಗೆ ಬಹಳ ದಿನ ಹಿಡಿಯುತ್ತದೆ.