ಎರಡು ಮಣ

"ನೀವು ಆ ಕಡೆ ಮಾರಿ ಮಾಡ್ರಿ," ಎಂದಳು ರತ್ನವ್ವ.

ಗಂಡ ನೀಲಕಂಠಪ್ಪ ತಿರುಗಿ ನಿಂತು ತಮ್ಮ ಅರಳೆ ಅಂಗಡಿಯ ಮುಚ್ಚಿದ ಬಾಗಿಲನ್ನು ನೋಡತೊಡಗಿದ. ಬೆನ್ನ ಹಿಂದೆ ತಕ್ಕಡಿಯ ಸರಪಳಿಗಳು ಕಿರುಗುಟ್ಟಿದವು. ಮೇಲಿನ ತೊಲೆ ಒಮ್ಮೆ ನರಳಿ ಸುಮ್ಮನಾಯಿತು. ಅರಳೆ ತುಂಬಿದ ಅಂಡಿಗೆ ಮೂಟೆಗಳನ್ನು ತೂಗುವ ತಕ್ಕಡಿ ಅದು. ಅವನ ಅಪ್ಪನ ಕಾಲದಿಂದಲೂ ಅದರ ಹಲಗೆಯ ಮೇಲೆ ಮನುಷ್ಯರು ಕೂತದ್ದಿಲ್ಲ. ಹಮಾಲರು ಬರುವುದಕ್ಕೆ ಇನ್ನೂ ಹೊತ್ತಿತ್ತು. ಬೆಳಕು ಹರಿಯುವ ಮೊದಲೇ ಈ ಕೆಲಸ ಮುಗಿಯಬೇಕು ಎಂದು ಅವಳು ಹಟ ಹಿಡಿದಿದ್ದಳು.

ಅವನು ತಿರುಗಿದಾಗ ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಎರಡೂ ಕೈಯಲ್ಲಿ ಸರಪಳಿ ಹಿಡಿದು, ನೆಲ ನೋಡುತ್ತ ಕೂತಿದ್ದಳು. ಅವನು ಆಚೆಯ ಹಲಗೆಗೆ ಒಂದು ಮಣದ, ಅಂದರೆ ನಲವತ್ತು ಸೇರಿನ, ತೂಕದ ಗುಂಡು ಇಟ್ಟ. ಇನ್ನೊಂದು ಇಟ್ಟ. ಅವಳ ಹಲಗೆ ಅಲುಗಲಿಲ್ಲ. ಮತ್ತೆ ಸಣ್ಣ ಗುಂಡುಗಳನ್ನು ಒಂದೊಂದಾಗಿ ಏರಿಸುತ್ತ ಹೋದ. ಕೊನೆಗೆ ಹಲಗೆ ನೆಲ ಬಿಟ್ಟಿತು. ಅವಳೇ ಗುಂಡುಗಳ ಕಡೆ ನೋಡಿ, ಮೂರು ಮಣಕ್ಕೆ ಒಂದಿಷ್ಟೇ ಕಡಿಮೆ ಎಂದಳು. ಅವಳು ಉಪ್ಪಿನಬೆಟಗೇರಿಯ ಕಾಳಿನ ವ್ಯಾಪಾರಿಯ ಮಗಳು. ತೂಕದ ವಿಷಯದಲ್ಲಿ ಅವಳಿಗೆ ಯಾರೂ ಏನೂ ಹೇಳಿಕೊಡಬೇಕಾಗಿರಲಿಲ್ಲ.

ಮದುವೆಯಾಗಿ ಹಳೇ ಹುಬ್ಬಳ್ಳಿಯ ಈ ಓಣಿಗೆ ಬಂದಾಗ ಅವಳು ಕಡ್ಡಿಯ ಹಾಗಿದ್ದಳು. ಎರಡು ಸಲ ಬಸಿರಾದಳು. ಎರಡು ಕೂಸೂ ಉಳಿಯಲಿಲ್ಲ. ಎರಡನೆಯದು ಹೋದಾಗ ಬಾಣಂತನಕ್ಕೆಂದು ತವರಿನಿಂದ ಬಂದ ಅಂಟಿನುಂಡಿ ಡಬ್ಬಿ ತುಂಬ ಇದ್ದವು. ಮಾಡಿದ್ದನ್ನು ಚೆಲ್ಲಬಾರದೆಂದು ತಾಯಿ ದಿನಾ ತಿನ್ನಿಸಿದಳು. ಉಂಡಿ ಮುಗಿದರೂ ಆ ಹಸಿವು ಮುಗಿಯಲಿಲ್ಲ. ರೊಟ್ಟಿಯ ಮೇಲೆ ಬೆಣ್ಣೆ, ಅದರ ಮೇಲೆ ಶೇಂಗಾ ಹಿಂಡಿ, ಮತ್ತೆ ಮೇಲೆ ಕೆನೆಮೊಸರು. ವರುಷ ಕಳೆದಂತೆ ಮೈ ತುಂಬುತ್ತ ಹೋಯಿತು. ಓಣಿಯವರು ಅದನ್ನು ಕಂಡು ಸಂತೋಷಪಟ್ಟರು. ಅಂಗಡಿ ಏಳಿಗೆಯಲ್ಲಿದೆ ಎಂಬುದು ಸಾವುಕಾರನ ಹೆಂಡತಿಯ ಮೈಮೇಲೆಯೇ ಕಾಣುತ್ತದೆ ಎಂದರು. ಅವಳು ಮಾತ್ರ ಕನ್ನಡಿಯ ಮುಂದೆ ಕುಂಕುಮ ಹಚ್ಚುವಾಗ ಹಣೆಯನ್ನಷ್ಟೇ ನೋಡಿಕೊಳ್ಳುತ್ತಿದ್ದಳು.

ಆಮೇಲೆ ಹೊಟ್ಟೆಯಲ್ಲಿ ನೋವು ಶುರುವಾಯಿತು. ಟೇಶನ್ ಕಡೆ ಹೊಸದಾಗಿ ದವಾಖಾನೆ ಹಾಕಿದ್ದ, ಪುಣೆಯಲ್ಲಿ ಓದಿ ಬಂದಿದ್ದ ಡಾಕ್ಟರು ಕೈ ಇಟ್ಟು ನೋಡಿ, ಒಳಗೊಂದು ಗಂಟು ಇದೆ, ಕೊಯ್ದು ತೆಗೆಯಬೇಕು ಎಂದರು. ಆದರೆ ಇಷ್ಟು ದಪ್ಪ ಮೈಗೆ ಕ್ಲೋರೋಫಾರ್ಮ್ ಕೊಟ್ಟರೆ ಎದೆ ನಿಂತುಹೋದೀತು. ಗಂಟು ಕೆಟ್ಟದ್ದರ ಹಾಗೆ ಕಾಣುವುದಿಲ್ಲ, ಒಂದು ವರ್ಷ ತಡೆದೀತು. ಅಷ್ಟರಲ್ಲಿ ಎರಡು ಮಣಕ್ಕೆ ಇಳಿದು ಬನ್ನಿ ಎಂದು ಕಳಿಸಿದರು.

ಟಾಂಗಾದಲ್ಲಿ ಮನೆಗೆ ಬರುವ ದಾರಿಯುದ್ದಕ್ಕೂ ರತ್ನವ್ವ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ಓಣಿ ಬಂದಾಗ ಗಂಡನ ಕಡೆ ತಿರುಗಿ, "ಇಳೀತೇನ್ರಿ," ಎಂದಳು. ಟಾಂಗಾದವನು ಅದು ಮೈಯ ಮಾತೆಂದು ತಿಳಿಯದೆ, ಕೆಳಗಿಳಿಯುತ್ತೇನೆಂದು ತನಗೆ ಹೇಳಿದಳೆಂದುಕೊಂಡು ಕುದುರೆ ನಿಲ್ಲಿಸಿ ಹಿಡಿದ. ಮರುದಿನ ನಸುಕಿನಲ್ಲೇ ಆ ಮೊದಲ ತೂಕ ನಡೆದದ್ದು.

ಅವಳನ್ನು ನಡೆಸುವ ಕೆಲಸ ಪಕ್ಕದ ಮನೆಯ ರಸೂಲಬಿ ತೆಗೆದುಕೊಂಡಳು. ಕೌದಿ ಹೊಲಿದು ಜೀವನ ಮಾಡುವ ವಿಧವೆ. ಹಗಲೆಲ್ಲ ಕೂತೇ ಇರುವುದರಿಂದ ತನ್ನ ಮೊಣಕಾಲಿಗೂ ಒಳ್ಳೆಯದಾದೀತೆಂದು ನೆಪ ಹೇಳಿದಳು. ನಸುಕಿನಲ್ಲಿ ಇಬ್ಬರೂ ಕಾರವಾರ ರಸ್ತೆ ಹಿಡಿಯುತ್ತಿದ್ದರು. ಮೊದಮೊದಲು ಓಣಿಯ ತಿರುವಿಗೆ ಹೋಗುವಷ್ಟರಲ್ಲೇ ರತ್ನವ್ವ ಕಲ್ಲಿನ ಮೇಲೆ ಕೂತುಬಿಡುತ್ತಿದ್ದಳು. ರಸೂಲಬಿ ಬೈಯಲಿಲ್ಲ, ಹುರಿದುಂಬಿಸಲಿಲ್ಲ. ಕತೆ ಶುರು ಮಾಡಿದಳು. ಕೌದಿಗೆಂದು ಹಳೆಯ ಸೀರೆ ತಂದುಕೊಡುವ ಮನೆಗಳ ಕತೆ: ಯಾವ ಸೀರೆ ಯಾರದು, ಅದನ್ನುಟ್ಟವಳು ಏನಾದಳು, ಸೊಸೆ ಅದನ್ನು ಯಾಕೆ ಹರಿದುಹಾಕಿದಳು. ಒಳ್ಳೇ ಘಟ್ಟಕ್ಕೆ ಬಂದಾಗ ನಿಲ್ಲಿಸಿ, "ಮುಂದಿಂದು ಆಲದ ಮರದ ಹತ್ರ ಹೇಳತೇನಿ, ಅಕ್ಕಾ," ಎಂದು ತಾನು ಮುಂದೆ ನಡೆದುಬಿಡುತ್ತಿದ್ದಳು. ರತ್ನವ್ವ ಏದುಸಿರು ಬಿಡುತ್ತ ಎದ್ದು ಹಿಂದೆ ಹೋಗಲೇಬೇಕು. ಹೀಗೆ ತಿರುವಿನಿಂದ ಆಲದ ಮರಕ್ಕೆ, ಆಲದ ಮರದಿಂದ ಹಳ್ಳದ ಸೇತುವೆಗೆ, ಅದರಾಚೆಯ ಎರೆಹೊಲಗಳವರೆಗೆ ಕತೆಗಳು ಉದ್ದವಾದವು.

ಮನೆಯಲ್ಲಿ ಅವಳ ತಟ್ಟೆಗೆ ಅರ್ಧ ರೊಟ್ಟಿ, ಸೊಪ್ಪಿನ ಪಲ್ಯ, ನೀರು ಮಜ್ಜಿಗೆ. ನೀಲಕಂಠಪ್ಪನೂ ಬೆಣ್ಣೆ ಬಿಟ್ಟ. ಬ್ಯಾಡ್ರಿ, ನೀವು ಮೊದಲೇ ಒಣಕಲು ಎಂದು ಅವಳು ಜಗಳ ತೆಗೆದರೂ ಕೇಳಲಿಲ್ಲ. ಸೋಮವಾರಕ್ಕೊಮ್ಮೆ ತೂಗುವುದು. ಗುಂಡಿನ ಹಲಗೆಯಿಂದ ಸಣ್ಣದೊಂದು ಗುಂಡನ್ನು ಅವನು ತೆಗೆದಿಟ್ಟ ದಿನ ಅವಳು ಪೂಜೆಗೆ ಕೂತಾಗ ಹಾಡಿಕೊಳ್ಳುತ್ತಿದ್ದಳು.

ನಾಗರ ಪಂಚಮಿ ಬಂತು. ಶೇಂಗಾದುಂಡಿ, ಎಳ್ಳುಂಡಿ, ತಂಬಿಟ್ಟು ಎಂದು ಇಡೀ ಓಣಿಗೆ ಕೊಡುವಷ್ಟು ಉಂಡಿ ಕಟ್ಟಿ, ಬಾಯಿಗೆ ಒಂದು ಚೂರೂ ಹಾಕಿಕೊಳ್ಳದೆ, ಕೈಗೆ ಹತ್ತಿದ ಬೆಲ್ಲದ ವಾಸನೆ ಹೋಗಲೆಂದು ಬೂದಿಯಿಂದ ಮತ್ತೆಮತ್ತೆ ತಿಕ್ಕಿ ತೊಳೆದಳು. ಎರಡು ದಿನ ಬಿಟ್ಟು ನೀಲಕಂಠಪ್ಪ ಏನೋ ಬೇಕೆಂದು ಉಗ್ರಾಣಕ್ಕೆ ಹೋದಾಗ, ಅವಳು ಬೆಣ್ಣೆಯ ಗಡಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಾಯಿ ತುಂಬ ಬೆಣ್ಣೆ ಹಾಕಿಕೊಂಡು ಅಳುತ್ತ ಕೂತಿದ್ದಳು. ನುಂಗಲೂ ಆಗದು, ಉಗುಳಲೂ ಆಗದು. ಅವನು ಬಾಗಿಲು ಎಳೆದುಕೊಂಡು ಹೊರಗೆ ಬಂದ. ಆ ವಾರ ತೆಗೆದಿಟ್ಟ ಗುಂಡನ್ನು ಮತ್ತೆ ಇಡಬೇಕಾಯಿತು. ಮರುದಿನ ನಸುಕಿನಲ್ಲಿ ರಸೂಲಬಿ ಬಾಗಿಲು ಬಡಿಯುವ ಮೊದಲೇ ಅವಳು ಚಪ್ಪಲಿ ಮೆಟ್ಟಿ ನಿಂತಿದ್ದಳು.

ಓಣಿಯವರ ಮಾತು ಈಗ ಬೇರೆಯಾಯಿತು. ಅಂಗಡಿ ಕುಸಿಯಿತೇನೋ, ಹೆಂಡತಿಗೆ ಹೊಟ್ಟೆಗೆ ಹಾಕುವುದಿಲ್ಲವೇನೋ ಎಂದು ಆಡಿಕೊಂಡರು. ಉಪ್ಪಿನಬೆಟಗೇರಿಯಿಂದ ಅವಳ ಅಣ್ಣ ಚನ್ನಯ್ಯ ಬಂದು, ತಂಗಿಯ ಕೊರಳೆಲುಬು ನೋಡಿ, ಅವಳ ಗಂಡನ ಜೊತೆ ಕೂತು ಉಣ್ಣದೆ ಎದ್ದು ಹೋದ. ರತ್ನವ್ವ ನಕ್ಕಳು. ಅವರಿಗೆಲ್ಲ ಗಂಟು ತೆಗೆಸಿಕೊಂಡು ಬಂದ ಮೇಲೆ ಹೇಳಿದರಾಯಿತು ಎಂದಳು.

ದಸರೆ ಕಳೆದ ಮೇಲೆ ಮೈ ಭರಭರನೆ ಇಳಿಯತೊಡಗಿತು. ಮೊದಲು ತಿಂಗಳಿಗೆ ಇಳಿಯುತ್ತಿದ್ದಷ್ಟು ಈಗ ವಾರಕ್ಕೇ ಇಳಿಯಿತು. ರೊಟ್ಟಿ ಅರ್ಧವಿದ್ದದ್ದು ಕಾಲಾಯಿತು, ಅದೂ ತಟ್ಟೆಯಲ್ಲೇ ಉಳಿಯಿತು. ಬೆಣ್ಣೆಯ ಗಡಿಗೆ ಕಣ್ಣೆದುರೇ ನೆಲುವಿನಲ್ಲಿ ತೂಗುತ್ತಿದ್ದರೂ ಅವಳು ಆ ಕಡೆ ನೋಡುತ್ತಿರಲಿಲ್ಲ.

"ಇಷ್ಟ ವರ್ಷ ನಾ ಹಸಿವಿ ಮಾತು ಕೇಳಿದೆ," ಎಂದು ಅವಳು ಗಂಡನಿಗೆ ಹೆಮ್ಮೆಯಿಂದ ಹೇಳಿದಳು. "ಈಗ ಹಸಿವಿ ನನ್ನ ಮಾತು ಕೇಳಾಕತ್ತೈತ್ರಿ."

ಶಿವರಾತ್ರಿಯ ಹಿಂದಿನ ಸೋಮವಾರ ಎರಡು ದೊಡ್ಡ ಗುಂಡುಗಳ ಎದುರಿಗೆ ಅವಳ ಹಲಗೆ ಸಮನಾಗಿ ನಿಂತಿತು. ಅವಳು ಸರಪಳಿ ಹಿಡಿದು ಕಾಲು ಆಡಿಸುತ್ತ ಜೋಕಾಲಿಯ ಮೇಲಿನ ಹುಡುಗಿಯಂತೆ ನಕ್ಕಳು. ಅಷ್ಟು ದೊಡ್ಡ ನಗೆಯನ್ನು ಅವನು ಆ ಮನೆಯಲ್ಲಿ ಕೇಳಿ ಎಷ್ಟೋ ವರುಷವಾಗಿತ್ತು. ಆ ದಿನ ಹಮಾಲರಿಗೆಲ್ಲ ಅವನು ಪೇಢೆ ಹಂಚಿದ. ಯಾಕೆಂದು ಹೇಳಲಿಲ್ಲ.

ದವಾಖಾನೆಗೆ ರಸೂಲಬಿಯೂ ಜೊತೆಗೆ ಬಂದಳು. ಡಾಕ್ಟರು ರತ್ನವ್ವನನ್ನು ನೋಡಿ ಮೊದಲು ಮೆಚ್ಚಿ ಮಾತಾಡಿದರು. ಆಮೇಲೆ ಹೊಟ್ಟೆಯ ಮೇಲೆ ಕೈ ಇಟ್ಟರು. ಇಟ್ಟ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ. ಕಣ್ಣಿನ ರೆಪ್ಪೆ ಎತ್ತಿ ನೋಡಿದರು. ಹೊರಗೆ ಗಾಳಿಗೆ ಕೂತುಕೊಳ್ಳಲು ಅವಳನ್ನು ರಸೂಲಬಿಯ ಜೊತೆ ಕಳಿಸಿ, ನೀಲಕಂಠಪ್ಪನಿಗೆ ಹೇಳಿದರು. ಗಂಟು ಮೊದಲಿನ ಗಂಟಾಗಿ ಉಳಿದಿಲ್ಲ, ಪಿತ್ತಜನಕಾಂಗಕ್ಕೂ ಹಬ್ಬಿದೆ. ಕೊಯ್ದರೂ ಉಪಯೋಗವಿಲ್ಲ. ಮೈ ಇಳಿದದ್ದು ಪಥ್ಯದಿಂದ ಅಷ್ಟೇ ಅಲ್ಲ.

ನೀಲಕಂಠಪ್ಪ ಕೇಳಿದ: "ಪಥ್ಯದಿಂದ ಇಳದದ್ದು ಎಷ್ಟ್ರಿ, ಬ್ಯಾನಿಯಿಂದ ಇಳದದ್ದು ಎಷ್ಟ?"

"ಅದನ್ನ ಬ್ಯಾರೆ ಬ್ಯಾರೆ ತೂಗಾಕ ಬರೂದಿಲ್ರಿ, ಸಾವುಕಾರ್ರ," ಎಂದರು ಡಾಕ್ಟರು. ಅವರೂ ತಲೆ ತಗ್ಗಿಸಿದ್ದರು. ವರ್ಷದ ಹಿಂದೆ ತಾವೇ ಕಾಯಲು ಹೇಳಿದ್ದು ಅವರಿಗೂ ನೆನಪಿತ್ತು.

ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದ ಹೆಂಡತಿಗೆ ನೀಲಕಂಠಪ್ಪ ಬೇರೆ ಮಾತು ಹೇಳಿದ. ಬಹಳ ಇಳಿದಿದ್ದೀ, ನಿಶ್ಶಕ್ತಿಯಾಗಿದೆ, ಸ್ವಲ್ಪ ಚೇತರಿಸಿಕೊಂಡರೆ ಯುಗಾದಿಯ ಮೇಲೆ ಕೊಯ್ಯುತ್ತಾರಂತೆ ಎಂದ. ರಸೂಲಬಿ ಅವನ ಮುಖ ನೋಡಿ, ಟಾಂಗಾ ಕರೆಯಲು ಹೋದಳು. ರತ್ನವ್ವನಿಗೆ ಕೊಂಚ ನಿರಾಶೆಯಾದರೂ ಧೈರ್ಯ ಬಿಡಲಿಲ್ಲ.

"ಇಳೀ ಅಂದ್ರು, ಇಳದೆ. ಏರು ಅಂದ್ರ ಏರೂದೇನು ದೊಡ್ಡದಲ್ಲ ಬಿಡ್ರಿ," ಎಂದಳು.

ಆದರೆ ಆಗಲಿಲ್ಲ. ಬೆಣ್ಣೆ ಬಾಯಿಗಿಟ್ಟರೆ ಹೊಟ್ಟೆ ತೊಳಸುತ್ತಿತ್ತು. ಹಾಲು ನಿಲ್ಲುತ್ತಿರಲಿಲ್ಲ. ನೀಲಕಂಠಪ್ಪ ತಾನೇ ಹೋಳಿಗೆ ಚೂರು ಮಾಡಿ ತುಪ್ಪದಲ್ಲಿ ಕಿವುಚಿ ಬಾಯಿಗಿಟ್ಟರೆ, ಅವನಿಗಾಗಿ ನುಂಗಿ, ಅವನು ಎದ್ದು ಹೋಗುವವರೆಗೆ ಬಾಯಿ ಬಿಗಿಹಿಡಿದು ಕೂತಿರುತ್ತಿದ್ದಳು. ಕಾರವಾರ ರಸ್ತೆಯ ನಡಿಗೆ ನಿಂತಿತು. ರಸೂಲಬಿ ಹೊಲಿಗೆಯನ್ನು ಇಲ್ಲಿಗೇ ತಂದು, ಹಾಸಿಗೆಯ ಪಕ್ಕ ಕೂತು ಕತೆ ಹೇಳತೊಡಗಿದಳು. ಈಗ ಅವಳು ಯಾವ ಕತೆಯನ್ನೂ ಅರ್ಧಕ್ಕೆ ನಿಲ್ಲಿಸುತ್ತಿರಲಿಲ್ಲ. ಸೋಮವಾರ ಬಂತೆಂದರೆ ಮಾತ್ರ ರತ್ನವ್ವ ಎದ್ದು ಕೂಡುವಳು, ತೂಗ್ರಿ ಎಂದು ಗಂಟು ಬೀಳುವಳು. ತೂಗಿದರೆ ಪ್ರತಿಸಲ ಕಡಿಮೆ. ಇಳಿಯಲು ಅಷ್ಟು ಮನಸ್ಸು ಗಟ್ಟಿ ಮಾಡಿದ ತನಗೆ ನಾಲ್ಕು ತುತ್ತು ಉಣ್ಣುವಷ್ಟು ಮನಸ್ಸು ಇಲ್ಲವಾಯಿತೇ ಎಂದು ಅವಳು ತನ್ನನ್ನೇ ಬೈದುಕೊಂಡು ಅತ್ತಳು. ಆ ಅಳುವನ್ನು ಕೇಳಿ ಸಹಿಸಲು ಅವನಿಗಾಗಲಿಲ್ಲ.

ಓಣಿಯ ತುದಿಯಲ್ಲಿ ಮಹಾಂತಯ್ಯನ ಜೋಳದ ಅಂಗಡಿ. ಮೂರು ವರುಷದ ಹಿಂದೆ, ಪೇಟೆಯ ವ್ಯಾಪಾರಿಗಳೆಲ್ಲರ ಎದುರು ನೀಲಕಂಠಪ್ಪ ಅವನ ಮಣದ ಗುಂಡನ್ನು ಕಾಲಿನಿಂದ ಉರುಳಿಸಿ, ಇದರ ಹೊಟ್ಟೆ ಪೊಳ್ಳು, ಮಣಕ್ಕಿಂತ ಕಡಿಮೆ ತೂಗುತ್ತದೆ ಎಂದಿದ್ದ. ಮಠದ ಮನೆತನದ ಅಯ್ಯನವರೆಂದೂ ನೋಡಿರಲಿಲ್ಲ. ಅಂದಿನಿಂದ ಇಬ್ಬರೂ ಎದುರಾದರೆ ಮುಖ ತಿರುಗಿಸುತ್ತಿದ್ದರು. ಆ ಭಾನುವಾರ ಮಧ್ಯಾಹ್ನ ನೀಲಕಂಠಪ್ಪ ಆ ಅಂಗಡಿಯ ಕಟ್ಟೆ ಹತ್ತಿ ನಿಂತ.

"ಅಯ್ಯನವರ, ನಿಮ್ಮ ಆ ಗುಂಡು ಬೇಕಾಗಿತ್ತು."

ಮಹಾಂತಯ್ಯ ಜೋಳ ಅಳೆಯುವುದನ್ನು ನಿಲ್ಲಿಸಿದ. "ಅದನ್ನ ಹೊಳಿಗೆ ಚೆಲ್ಲಿದೆ ಅಂತ ಅವತ್ತ ಹೇಳಿದ್ನಲ್ಲ."

"ಚೆಲ್ಲಿಲ್ಲ ಅಂತ ಗೊತ್ತೈತ್ರಿ."

ಬಯ್ಯಲಿ, ನಾಲ್ಕು ಜನರನ್ನು ಕೂಗಿ ಕರೆಯಲಿ ಎಂದು ನೀಲಕಂಠಪ್ಪ ಕಾದ. ಮಹಾಂತಯ್ಯ, ಯಾರಿಗೆ ತೂಗಲು ಎಂದಷ್ಟೇ ಕೇಳಿದ. ನೀಲಕಂಠಪ್ಪ ಹೆಂಡತಿಯ ವಿಷಯ ಹೇಳಿದ. ಪೂರ್ತಿ ಹೇಳುವಷ್ಟರಲ್ಲಿ ಕಂಬ ಹಿಡಿದುಕೊಂಡ. ಮಹಾಂತಯ್ಯ ಒಳಗೆ ಹೋಗಿ, ಗೋಣಿತಟ್ಟಿನಲ್ಲಿ ಸುತ್ತಿದ ಗುಂಡನ್ನು ಎತ್ತಿಕೊಂಡು ಬಂದ. ನೀಲಕಂಠಪ್ಪ ಕೈ ಚಾಚಿದರೆ ಕೊಡಲಿಲ್ಲ.

"ನಿಮ್ಮ ಕೈಯಾಗ ಇದು ಬ್ಯಾಡ್ರಿ. ನಾನ ತಂದಿಡತೇನಿ," ಎಂದು ಹೆಗಲ ಮೇಲೆ ಹೊತ್ತು, ಓಣಿಯ ನಡುವೆ ನಡೆದ.

ಸೋಮವಾರ ನಸುಕಿನಲ್ಲಿ ಅವನು ಹೆಂಡತಿಯನ್ನು ತೋಳಿಗೆ ಆನಿಸಿಕೊಂಡು ಅಂಗಡಿಗೆ ಕರೆತಂದು ಹಲಗೆಯ ಮೇಲೆ ಕೂಡಿಸಿದ. ಮಾರಿ ಆ ಕಡೆ ಮಾಡೆಂದು ಅವಳು ಈಗ ಹೇಳುತ್ತಿರಲಿಲ್ಲ. ಅವನು ಮಹಾಂತಯ್ಯನ ಗುಂಡು ಎತ್ತಿ ಆಚೆಯ ಹಲಗೆಗೆ ಇಟ್ಟ. ಮರಕ್ಕೆ ತಾಗಿದಾಗ ಅದರ ಸದ್ದು ಬೇರೆಯಾಗಿತ್ತು. ರತ್ನವ್ವ ತಲೆ ಎತ್ತಿ ಗುಂಡನ್ನು ನೋಡಿದಳು. ಆಮೇಲೆ ಅವನ ಕೈ ನೋಡಿದಳು. ಅವನು ಸಣ್ಣ ಗುಂಡುಗಳನ್ನು ಇಡುತ್ತಲೇ ಇದ್ದ, ಅವಳ ಕಡೆ ನೋಡದೆ.

"ಏರೀನೇನ್ರಿ?" ಎಂದು ಕೇಳಿದಳು.

"ಎರಡು ಸೇರು ಏರಿದಿ."

"ಎರಡು ಸೇರು." ಅವಳು ಮೆಲ್ಲಗೆ ಸರಪಳಿಯ ಮೇಲೆ ಬೆರಳಾಡಿಸಿದಳು. ಹೊರಗೆ ಎಲ್ಲೋ ದೂರದಲ್ಲಿ ಅರಳೆಯ ಬಂಡಿಗಳು ಬರುವ ಸದ್ದು ಕೇಳುತ್ತಿತ್ತು. "ಛಲೋ ಆತು ಬಿಡ್ರಿ. ಇನ್ನ ತೂಗೂದು ಸಾಕು. ಏರಾಕತ್ತೇನಂತ ಗೊತ್ತಾತಲ್ಲ."

ಅವನು ಹೂಂ ಎಂದ.

"ಬಂಡಿ ಬರೂ ಹೊತ್ತಾತು. ಯಾರರ ನೋಡ್ಯಾರು, ಅದನ್ನ ಒಳಗ ಇಡ್ರಿ."

ನೀಲಕಂಠಪ್ಪ ಗೋಣಿತಟ್ಟು ಹುಡುಕಿ ಗುಂಡಿಗೆ ಸುತ್ತಿ, ಅರಳೆಯ ರಾಶಿಯ ಹಿಂದೆ ಇಟ್ಟ. ಅಲ್ಲೇ ಒಂದು ಗಳಿಗೆ ಗೋಡೆಯ ಕಡೆ ಮುಖ ಮಾಡಿ ನಿಂತು, ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು ಬಂದ. ಅವಳು ಏಳಲು ನೋಡುತ್ತಿದ್ದಳು, ಆಗುತ್ತಿರಲಿಲ್ಲ. ಅವನು ಒಂದು ಕೈ ಬೆನ್ನಿಗೆ, ಒಂದು ಕೈ ಮೊಣಕಾಲಿನ ಕೆಳಗೆ ಕೊಟ್ಟು ಅವಳನ್ನು ಎತ್ತಿಕೊಂಡ. ಇಷ್ಟು ವರುಷದ ಸಂಸಾರದಲ್ಲಿ ಅವಳನ್ನು ಹೀಗೆ ಎತ್ತಿದ್ದಿಲ್ಲ.

"ಬಿಡ್ರಿ, ನಿಮ್ಮ ನಡಾ ನೊಂದೀತು," ಎಂದು ಅವಳು ಅವನ ಕೊರಳಿಗೆ ಕೈ ಹಾಕಿದಳು.

ಅಂಗಡಿ ದಾಟಿ, ಹಿತ್ತಲ ಅಂಗಳ ದಾಟಿ ಅವನು ನಡೆದ. ಎದುರಿಗೆ ಬರುತ್ತಿದ್ದ ರಸೂಲಬಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಗೋಡೆಗೆ ಸರಿದು ದಾರಿ ಬಿಟ್ಟಳು. ಮೆಟ್ಟಿಲು ಹತ್ತುವಾಗಲೂ ಅವನಿಗೆ ಉಸಿರು ಹೆಚ್ಚಲಿಲ್ಲ. ಹಾಸಿಗೆ ಹಾಸಿಯೇ ಇತ್ತು. ಅದರ ಹತ್ತಿರ ಬಂದ ಮೇಲೂ ಅವನು ಅವಳನ್ನು ಇಳಿಸಲಿಲ್ಲ.